ಭಾವನ ತಗಡಿನ ಕಾರ್ಡು

ನನ್ನ ದೊಡ್ಡಮ್ಮನ ಮಗಳ ಗಂಡ, ಎಂದರೆ ನನಗೆ ಭಾವ, ಆಸ್ಟ್ರೇಲಿಯಾದಲ್ಲಿ ಹಲ್ಲಿನ ಡಾಕ್ಟರು. ವರ್ಷಗಟ್ಟಲೆ ಬೇರೆಯವರ ಬಾಯೊಳಗೆ ಕೈಯಿಟ್ಟುಕೊಂಡು ಮಾತಾಡಿದ್ದರಿಂದಲೋ ಏನೋ, ಎದುರಿಗಿರುವವರು ಬಾಯಿ ತೆರೆದುಕೊಂಡು ಸುಮ್ಮನೆ ಕೇಳುತ್ತಿರಬೇಕು, ಉತ್ತರ ಕೊಡುವ ಅನುಕೂಲ ಯಾರಿಗೂ ಇರಬಾರದು ಎಂದು ನಂಬಿಬಿಟ್ಟಿದ್ದಾರೆ. ಅವರನ್ನು ನಾನು ಅಕ್ಕನ ಮದುವೆಯ ದಿನದಿಂದ ನೋಡಿದ್ದೇನೆ. ಆದರೆ ಅವರು ಎಂಥವರೆಂದು ಸರಿಯಾಗಿ ಗೊತ್ತಾದದ್ದು ಈಚೆಗೆ, ಕೈಯಲ್ಲೊಂದು ಕಾರ್ಡು ಹಿಡಿದುಕೊಂಡು ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಎಂದು ಅವರು ತಿರುಗಿದ ಆ ಬೇಸಿಗೆಯಲ್ಲಿ.

ನನ್ನದು ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೊಲಿಗೆ ಅಂಗಡಿ. ಬ್ಲೌಸು ಹೊಲಿಯುವುದು, ಸೀರೆಗೆ ಫಾಲ್ಸ್ ಹಾಕುವುದು, ಕುಚ್ಚು ಕಟ್ಟುವುದು, ಇಷ್ಟೇ. ಮದುವೆಯ ತಿಂಗಳುಗಳಲ್ಲಿ ತಲೆ ತುರಿಸಿಕೊಳ್ಳಲೂ ಪುರಸತ್ತಿರುವುದಿಲ್ಲ. ಆ ಸಲವಂತೂ ನನ್ನ ಜೊತೆ ಹೊಲಿಯುತ್ತಿದ್ದವಳು ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಎನ್.ಆರ್.ಪುರದಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆಯೂ ಇತ್ತು. ಆ ಮದುವೆಗೆಂದೇ ಅಕ್ಕ ಭಾವ ಬಂದದ್ದು. ಬೆಂಗಳೂರಿನಿಂದ ಬಾಡಿಗೆ ಕಾರಿನಲ್ಲಿ ಬಂದು ನನ್ನ ಅಂಗಡಿಯ ಮುಂದೆಯೇ ಇಳಿದರು. ಮದುವೆಗೆ ಇನ್ನೂ ವಾರದ ಮೇಲೆ ಇತ್ತು. ಅಲ್ಲಿಯತನಕ ಶೃಂಗೇರಿಯಲ್ಲಿ ಲಾಡ್ಜ್ ಮಾಡಿಕೊಂಡು ಸುತ್ತಮುತ್ತ ನೋಡುವುದು ಎಂದು ಭಾವ ಅಲ್ಲಿಂದಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಬಂಧುಗಳ ಮನೆಯ ಬಚ್ಚಲು ಅವರಿಗೆ ಆಗಿಬರುವುದಿಲ್ಲ.

ಡ್ರೈವರು ಸೂಟ್‌ಕೇಸುಗಳನ್ನು ಇಳಿಸಿ ತಲೆ ಕೆರೆದುಕೊಳ್ಳುತ್ತ ನಿಂತ. ಕಾರಿನ ಬಾಡಿಗೆಯೇನೋ ಮೊದಲೇ ಕಟ್ಟಿಯಾಗಿತ್ತಂತೆ. ಅವನ ದಿನದ ಖರ್ಚಿನ ಬಾಟಾ ಮಾತ್ರ ಕೈಗೆ ಕೊಡಬೇಕಿತ್ತು. ಭಾವ ಪರ್ಸು ತೆಗೆದು, ಅದರೊಳಗಿಂದ ಕಪ್ಪನೆಯ ಒಂದು ಕಾರ್ಡು ತೆಗೆದು ಅವನ ಮುಂದೆ ಹಿಡಿದರು.

"ಟ್ಯಾಪ್ ಮಾಡ್ಕೋ."

ಡ್ರೈವರು ಕಾರ್ಡು ನೋಡಿದ, ನನ್ನ ಮುಖ ನೋಡಿದ. "ಸಾರ್, ನನ್ನ ಹತ್ರ ಮಿಷನ್ ಇಲ್ಲ. ಫೋನಲ್ಲಿ ಹಾಕಿ, ಇಲ್ಲಾಂದ್ರೆ ಕ್ಯಾಶ್ ಕೊಡಿ."

"ನಾನು ಕ್ಯಾಶ್ ಇಟ್ಕೊಳ್ಳಲ್ಲ," ಎಂದರು ಭಾವ. ನಾನು ಮಾಂಸ ತಿನ್ನುವುದಿಲ್ಲ ಎಂದು ಹೇಳುವ ಧ್ವನಿಯಲ್ಲಿ.

ನಾನು ನನ್ನ ಫೋನಿನಿಂದ ಕಳಿಸಿದೆ. ಡ್ರೈವರು ಹೋದ. ಭಾವ ನನ್ನ ಕಡೆ ತಿರುಗಿ, "ಇನ್ನೂ ಇಂಡಿಯಾ ಇಷ್ಟೇನಾ?" ಎಂದರು. ಹಣ ಕೊಟ್ಟವಳು ನಾನು, ನಾಚಿಕೊಳ್ಳಬೇಕಾದವಳೂ ನಾನೇ ಎಂಬಂತೆ.

ತಿಂಡಿಗೆಂದು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದೆ. ಬಿಲ್ಲಿನ ಜೊತೆ ಸೋಂಪು ಇಟ್ಟ ತಟ್ಟೆ ಬಂತು. ಭಾವ ಕಾರ್ಡನ್ನು ಅದರ ಮೇಲೆ ಟಣ್ ಎಂದು ಇಟ್ಟರು. ಅಷ್ಟು ಸಪ್ಪಳ ಬರುವುದಕ್ಕೆ ಕಾರಣವಿತ್ತು. ಅದು ಪ್ಲಾಸ್ಟಿಕ್ಕಿನದಲ್ಲ, ಲೋಹದ್ದು. ಎಲ್ಲರಿಗೂ ಕೊಡುವುದಿಲ್ಲವಂತೆ, ಬ್ಯಾಂಕಿನವರೇ ಆರಿಸಿ ಕೊಡುತ್ತಾರಂತೆ. ಗಲ್ಲಾದಲ್ಲಿ ಕೂತಿದ್ದ ಹೋಟೆಲಿನ ಯಜಮಾನರು ಅದನ್ನು ಎತ್ತಿ, ಉಗುರಿನಿಂದ ಎರಡು ಸಲ ಬಡಿದು ನೋಡಿ, "ಇದೆಂತದು ಮಾರಾಯ್ರೆ, ತಗಡಾ?" ಎಂದು ಕೇಳಿದರು.

ಅವರು ತಮಾಷೆ ಮಾಡಲಿಲ್ಲ, ನಿಜವಾಗಿಯೂ ಕೇಳಿದರು. ನನಗೆ ಕಾಫಿ ನೆತ್ತಿಗೆ ಹತ್ತಿತು. ಅಂದಿನಿಂದ ಆ ಕಾರ್ಡು ನನ್ನ ಮಟ್ಟಿಗೆ ತಗಡೇ.

ಗಲ್ಲಾದ ಮೇಲೆ, ನೀರಿನ ಜಗ್ಗಿನ ಪಕ್ಕ, ಗೋಡೆಯ ಮೇಲೆ, ಮೂರು ಕಡೆ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದರು. ಭಾವನಿಗೆ ಅದು ಆಗದು. ಇಲ್ಲಿಯ ಫೋನ್ ನಂಬರು ಬೇಕು, ಇಲ್ಲಿಯ ಬ್ಯಾಂಕ್ ಬೇಕು, ಅದೆಲ್ಲ ಸೇಫ್ ಅಲ್ಲ. ಹಾಗಾದರೆ ಡಾಲರು ಬದಲಾಯಿಸಿಕೊಳ್ಳಬಹುದಿತ್ತಲ್ಲ ಎಂದೆ. ನೋಟು ಬದಲಾಯಿಸುವವರು ಹಗಲು ದರೋಡೆಕೋರರು ಎಂದರು. ಎಟಿಎಂ ಇದೆಯಲ್ಲ ಎಂದೆ. ಈ ಕಾರ್ಡಿನಲ್ಲಿ ಎಟಿಎಮ್ಮಿಂದ ದುಡ್ಡು ತೆಗೆದರೆ ಆ ಗಳಿಗೆಯಿಂದಲೇ ಬಡ್ಡಿ ಶುರುವಾಗುತ್ತದೆ, ಅದು ದಡ್ಡರು ಮಾಡುವ ಕೆಲಸ ಎಂದರು. ಅದೇ ಉಜ್ಜಿದರೆ ಒಂದು ಪೈಸೆ ಹೆಚ್ಚಿಗೆ ಹೋಗುವುದಿಲ್ಲ, ಮೇಲಿಂದ ಪಾಯಿಂಟು ಬರುತ್ತದೆ. ಪಾಯಿಂಟು ಸೇರಿಸಿ ಸೇರಿಸಿ ವಿಮಾನದಲ್ಲಿ ಮುಂದಿನ ಸೀಟು ಸಿಗುತ್ತದೆ. ಇಷ್ಟನ್ನೂ ಅವರು ಹೇಳಿ ಮುಗಿಸುವಷ್ಟರಲ್ಲಿ ನಾನು ತಿಂಡಿಯ ದುಡ್ಡು ಕೊಟ್ಟಾಗಿತ್ತು. ಬೇರೆಯವರ ದುಡ್ಡಲ್ಲಿ ದೋಸೆ ತಿಂದರೆ ಎಷ್ಟು ಪಾಯಿಂಟು ಎಂದು ಕೇಳಬೇಕೆನ್ನಿಸಿತು. ಅಕ್ಕ ತಟ್ಟೆಯನ್ನೇ ನೋಡುತ್ತ ಕೂತಿದ್ದಳು, ಹಾಗಾಗಿ ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡೆ.

ನನ್ನ ಕಾರಿನಲ್ಲೇ ಅವರನ್ನು ಶೃಂಗೇರಿಗೆ ಬಿಟ್ಟೆ. ಲಾಡ್ಜಿನಲ್ಲಿ ಕಾರ್ಡಿನ ಮಿಷನ್ ಇದೆಯೆಂದು ಭಾವ ಮೊದಲೇ ಖಾತ್ರಿ ಮಾಡಿಕೊಂಡಿದ್ದರು. ಇತ್ತು, ಸುಳ್ಳಲ್ಲ. ಮ್ಯಾನೇಜರು ಡ್ರಾಯರಿನ ತಳದಿಂದ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಒಂದನ್ನು ತೆಗೆದರು. ಅದಕ್ಕೆ ಜೀವವಿರಲಿಲ್ಲ. ಚಾರ್ಜಿಗೆ ಹಾಕಿ ಕಾದೆವು. ಜೀವ ಬಂತು, ಸಿಗ್ನಲ್ ಇರಲಿಲ್ಲ. ಮ್ಯಾನೇಜರು ಅದನ್ನು ಅಂಗೈ ಮೇಲಿಟ್ಟುಕೊಂಡು ಜಗಲಿಯ ತುದಿಗೆ ನಡೆದರು, ಹಿಂದೆ ಭಾವ, ಅವರ ಹಿಂದೆ ರೂಮು ಕೇಳಿಕೊಂಡು ಬಂದಿದ್ದ ಒಂದು ಸಂಸಾರ. ಮಿಷನ್ನಿನಲ್ಲಿ ರೂಪಾಯಿಯೋ ಡಾಲರೋ ಎಂಬ ಪ್ರಶ್ನೆ ಮೂಡಿತು. ಮ್ಯಾನೇಜರು ಡಾಲರಿಗೆ ಬೆರಳು ಚಾಚಿದರು.

"ನೋ, ನೋ! ಯಾವತ್ತೂ ನಮ್ಮ ಕರೆನ್ಸಿ ಒತ್ತಬಾರದು. ಒತ್ತಿದ್ರೆ ಮಧ್ಯದವನು ತನಗೆ ಬೇಕಾದ ರೇಟ್ ಹಾಕ್ಕೊಳ್ತಾನೆ. ಯಾವ ದೇಶಕ್ಕೆ ಹೋಗ್ತೀವೋ ಆ ದೇಶದ ದುಡ್ಡೇ ಒತ್ತಬೇಕು. ನೆನಪಿಟ್ಕೊಳ್ಳಿ," ಎಂದು ಭಾವ ಅಲ್ಲಿ ನಿಂತವರಿಗೆಲ್ಲ ಪಾಠ ಮಾಡಿದರು. ಆ ಸಂಸಾರದ ಹಿರಿಯರೊಬ್ಬರು ಹೌದು ಹೌದು ಎಂದು ತಲೆಯಾಡಿಸಿದರು. ನಮ್ಮ ಜನರೇ ಹೀಗೆ. ಅರ್ಥವಾಗದ ಮಾತನ್ನು ಯಾರಾದರೂ ಗಟ್ಟಿಯಾಗಿ ಹೇಳಿದರೆ ಸಾಕು, ಅದಕ್ಕೊಂದು ನಮಸ್ಕಾರ ಹಾಕಿಬಿಡುತ್ತಾರೆ.

ಮಿಷನ್ ಕೀಂಯ್ ಎಂದಿತು. ಆಗುವುದಿಲ್ಲ ಎಂದಿತು. ಇನ್ನೊಮ್ಮೆ ಹಾಕಿದರು, ಮತ್ತೆ ಅದೇ. ಭಾವನ ಬ್ಯಾಂಕಿಗೆ, ತನ್ನ ಗಿರಾಕಿಯ ಕಾರ್ಡನ್ನು ಯಾರೋ ಕದ್ದು ಶೃಂಗೇರಿಯಲ್ಲಿ ಉಜ್ಜುತ್ತಿದ್ದಾರೆ ಎನ್ನುವ ಅನುಮಾನ ಬಂದು ಅದನ್ನು ನಿಲ್ಲಿಸಿಬಿಟ್ಟಿತ್ತಂತೆ. ಇದು ತಿಳಿದದ್ದು ಆಮೇಲೆ. ಆಗ ಮಾತ್ರ ಭಾವ ಮಿಷನ್ನನ್ನೂ, ಸಿಗ್ನಲ್ಲನ್ನೂ, ಒಟ್ಟಾರೆ ದೇಶವನ್ನೂ ಬೈದರು.

ಮ್ಯಾನೇಜರ ಮನೆಯ ಹೆಂಗಸರ ಬ್ಲೌಸೆಲ್ಲ ಬರುವುದು ನನ್ನ ಹತ್ತಿರ. ಅವರು ನನ್ನ ಮುಖ ನೋಡಿ, "ಇರ್ಲಿ ಬಿಡಿ ಸಾರ್, ಹೋಗುವಾಗ ಕೊಟ್ರಾತು," ಎಂದು ಬೀಗದಕೈ ಕೊಟ್ಟರು. ಭಾವ ನನ್ನತ್ತ ವಾಲಿ, "ನೋಡು, ಮನುಷ್ಯನನ್ನು ನೋಡಿದ ತಕ್ಷಣ ಗೊತ್ತಾಗುತ್ತೆ ಅವರಿಗೆ," ಎಂದರು.

ಮರುದಿನ ಶೃಂಗೇರಿಯ ಹತ್ತಿರದ ಕಿಗ್ಗದ ದೇವಸ್ಥಾನಕ್ಕೆ ಹೋಗಬೇಕೆಂದು ಅಕ್ಕನಿಗೆ ಆಸೆಯಿತ್ತು. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಕರೆದುಕೊಂಡು ಹೋದೆ. ದೇವಸ್ಥಾನದಲ್ಲಿ ಹೆಚ್ಚು ಜನರಿರಲಿಲ್ಲ. ಮಂಗಳಾರತಿಯಾಗಿ ಭಟ್ಟರು ತಟ್ಟೆ ತಂದರು. ಭಾವ ಆರತಿ ತೆಗೆದುಕೊಂಡು, ಎರಡೂ ಜೇಬು ಮುಟ್ಟಿ ನೋಡಿಕೊಂಡು, ಕೈ ಮುಗಿದು ಪಕ್ಕಕ್ಕೆ ಸರಿದರು. ಅವರಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ತಟ್ಟೆ ಅಕ್ಕನ ಮುಂದೆ ಬಂತು. ಅವಳು ಕೈಚೀಲದ ಜಿಪ್ಪು ತೆಗೆದಳು, ಒಳಗೆ ಕೈಯಾಡಿಸಿದಳು, ಒಂದು ಬದಿಯಿಂದ ಇನ್ನೊಂದು ಬದಿಗೆ, ಮತ್ತೆ ಈ ಬದಿಗೆ. ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಹುಡುಕುತ್ತಿದ್ದಳು. ಭಟ್ಟರು ಬೇರೆ ಕಡೆ ನೋಡುತ್ತ ನಿಂತರು. ನಾನು ಹಿಂದಿನಿಂದ ಎರಡು ನೋಟು ತಟ್ಟೆಗೆ ಹಾಕಿದೆ. ಅಕ್ಕ ಆರತಿಯ ಮೇಲೆ ಕೈಯಿಟ್ಟು ಕಣ್ಣಿಗೊತ್ತಿಕೊಂಡವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಹೊರಗೆ ಬಂದ ಮೇಲೆ ಭಾವ ಫೋಟೋ ತೆಗೆಯಲು ಅತ್ತ ಹೋದರು. ನಾನು ಅಕ್ಕನ ಮುಷ್ಟಿಯೊಳಗೆ ಒಂದಿಷ್ಟು ನೋಟು ತುರುಕಿದೆ.

"ಬೇಡ ಕಣೇ, ಎಂತಕ್ಕೆ?"

"ಇಟ್ಕೋ ಮಾರಾಯ್ತಿ. ಊರಿಗೆ ಬಂದು ಹೂವು ತಗೊಳ್ಳಕ್ಕೂ ದುಡ್ಡಿಲ್ಲ ಅಂದ್ರೆ ಹೆಂಗೆ?"

ಅವಳು ಅದನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೈಚೀಲದೊಳಗೆ ಇಡಲಿಲ್ಲ. ಅದನ್ನು ನಾನು ಗಮನಿಸಿದೆ.

ಆಮೇಲಿನ ದಿನಗಳಲ್ಲಿ ಭಾವನ ಊರು ಸುತ್ತುವ ಯೋಜನೆಯೆಲ್ಲ ಮಣ್ಣುಪಾಲಾಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವರು ಲಾಡ್ಜಿನ ವೈಫೈ ಹಿಡಿದುಕೊಂಡು ತಮ್ಮ ಬ್ಯಾಂಕಿಗೆ ಫೋನು ಮಾಡುತ್ತ ಕೂರಬೇಕಾಯಿತು. ನಮ್ಮಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿ ಬ್ಯಾಂಕು ಬಾಗಿಲು ಹಾಕುತ್ತದೆ. ಬ್ಯಾಂಕಿನವರು ಸಂಗೀತ ಕೇಳಿಸುತ್ತಾರೆ. ಕೊನೆಗೆ ಯಾರೋ ಸಿಕ್ಕಿ, ನೀವೇ ನೀವೆಂದು ಗೊತ್ತಾಗಲು ನಿಮ್ಮ ನಂಬರಿಗೆ ಒಟಿಪಿ ಕಳಿಸಿದ್ದೇವೆ ಎನ್ನುತ್ತಾರೆ. ಆ ನಂಬರನ್ನು ಭಾವ, ರೋಮಿಂಗಿಗೆ ಯಾರು ದಂಡ ತೆರುತ್ತಾರೆಂದು ಬಂದ್ ಮಾಡಿಸಿ ಬಂದಿದ್ದರು. ತಮ್ಮ ಜಾಣತನಕ್ಕೆ ತಾವೇ ಸಿಕ್ಕಿಬಿದ್ದವರನ್ನು ನೋಡುವುದು ಒಂದು ಸುಖ. ಆ ಸುಖವನ್ನು ನಾನು ಸಂಕೋಚವಿಲ್ಲದೆ ಅನುಭವಿಸಿದೆ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ, ಅಕ್ಕ ಬಸ್ಸಿನಿಂದ ಇಳಿದು ಬಂದಳು. ಒಬ್ಬಳೇ.

"ಎಂತ, ಬಸ್ಸಲ್ಲಿ ಬಂದ್ಯಾ?"

"ಹ್ಞೂ. ಅವರು ಫೋನಲ್ಲಿದ್ರು. ಹೋಗಿ ಬತ್ತೀನಿ ಅಂದೆ. ಕೈ ಮಾಡಿದ್ರು. ಹೋಗು ಅಂದ್ರೋ ನಿಲ್ಲು ಅಂದ್ರೋ, ನಾನು ಕೇಳಲಿಕ್ಕೆ ಹೋಗ್ಲಿಲ್ಲ," ಎಂದು ನಕ್ಕಳು.

ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತು ನಾನು ಹೊಲಿಯುವುದನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ಮುಚ್ಚಿಟ್ಟಿದ್ದ ಎರಡನೆಯ ಮಿಷನ್ನಿನ ಬಟ್ಟೆ ತೆಗೆದು ದಾರ ಪೋಣಿಸತೊಡಗಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಹೊಲಿಗೆ ನಾವಿಬ್ಬರೂ ಕಲಿತದ್ದು ಎನ್.ಆರ್.ಪುರದಲ್ಲಿ, ನನ್ನ ಅಮ್ಮನ ಕಾಲುಮಿಷನ್ನಿನಲ್ಲಿ. ನಾನು ಕಲಿತೆ ಎನ್ನಬೇಕು, ಅಕ್ಕನಿಗೆ ಅದು ಒಲಿದಿತ್ತು. ಒಮ್ಮೆ ಅಳತೆಯ ಬ್ಲೌಸು ನೋಡಿದಳೆಂದರೆ ಕತ್ತರಿ ಎಲ್ಲಿಯೂ ತಡೆಯುತ್ತಿರಲಿಲ್ಲ. ಇಬ್ಬರೂ ಸೇರಿ ಅಂಗಡಿ ಇಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಹಲ್ಲಿನ ಡಾಕ್ಟರ ಸಂಬಂಧ ಬಂತು. ಊರಿಗೆ ಊರೇ ಅವಳ ಅದೃಷ್ಟವನ್ನು ಕೊಂಡಾಡಿತು. ಆಸ್ಟ್ರೇಲಿಯಾಕ್ಕೆ ಹೋದ ಮೇಲೆ, ಬಟ್ಟೆ ಬಿಗಿ ಸಡಿಲ ಮಾಡಿಕೊಡುವ ಅಂಗಡಿಯೊಂದರಲ್ಲಿ ಕೆಲಸವಿದೆ, ಹೋಗಲಾ ಎಂದು ಕೇಳಿದಳಂತೆ. "ನನ್ನ ಪೇಷೆಂಟುಗಳ ಪ್ಯಾಂಟು ಗಿಡ್ಡ ಮಾಡೋಕೆ ಹೋಗ್ತೀಯಾ?" ಎಂದರಂತೆ ಭಾವ. ಅಲ್ಲಿಗೆ ಮುಗಿಯಿತು. ಇದನ್ನು ಅಕ್ಕ ನನಗೆ ಆ ದಿನ ಹೇಳಿದ್ದು ನಗುನಗುತ್ತಲೇ. ನನಗೆ ನಗು ಬರಲಿಲ್ಲ.

ಸೂಜಿಯ ಕಣ್ಣು ಅವಳಿಗೆ ಕಾಣಲಿಲ್ಲ. ಓದುವ ಕನ್ನಡಕವನ್ನು ಲಾಡ್ಜಿನಲ್ಲೇ ಬಿಟ್ಟು ಬಂದಿದ್ದಳು. ಎದುರಿನ ಮೆಡಿಕಲ್ ಅಂಗಡಿಯಲ್ಲಿ ಅಂಥ ಕನ್ನಡಕ ಸಿಗುತ್ತದೆ. ಇಬ್ಬರೂ ಹೋದೆವು. ನಾನು ಫೋನು ತೆಗೆಯುವಷ್ಟರಲ್ಲಿ ಅವಳು, "ತಡಿ, ನನ್ನ ಹತ್ರನೂ ಇದೆ ಒಂದು," ಎಂದು ಕೈಚೀಲದಿಂದ ಭಾವನದೇ ಜಾತಿಯ ಕಪ್ಪು ತಗಡು ತೆಗೆದಳು. ಭಾವನ ಖಾತೆಯಿಂದಲೇ ಅವಳ ಹೆಸರಿಗೆ ಕೊಟ್ಟದ್ದು. ಮೆಡಿಕಲ್‌ನವರ ಮಿಷನ್ನಿಗೆ ತಾಗಿಸಿದರೆ, ಏನಾಶ್ಚರ್ಯ, ಒಂದೇ ಸಲಕ್ಕೆ ಆಯಿತು! ಗಂಡನ ಕಾರ್ಡು ಕಳ್ಳನದ್ದೆಂದು ತಿಳಿದ ಬ್ಯಾಂಕಿಗೆ ಹೆಂಡತಿಯ ಕಾರ್ಡಿನ ಮೇಲೆ ಅನುಮಾನವಿರಲಿಲ್ಲ.

ರಸ್ತೆ ದಾಟಿ ಅಂಗಡಿಗೆ ಕಾಲಿಡುವ ಮೊದಲೇ ನನ್ನ ಫೋನು ಹೊಡೆದುಕೊಂಡಿತು. ಭಾವ.

"ನಿಮ್ಮಕ್ಕ ಕೊಪ್ಪದಲ್ಲಿ ಮೆಡಿಕಲ್ ಶಾಪಲ್ಲಿ ಏನು ತಗೊಂಡ್ಳು?"

"ಕನ್ನಡಕ ತಗೊಂಡ್ಳು. ಓದದು."

"ರೂಮಲ್ಲಿ ಒಂದು ಇದೆಯಲ್ಲ? ಎರಡೆರಡು ಯಾಕೆ?"

ನಾನು ಫೋನು ಇಟ್ಟೆ. ಅಕ್ಕ ಕೇಳದೆಯೇ ಹೇಳಿದಳು. "ಅಲ್ಲೂ ಹಂಗೇ ಕಣೇ. ಒಂದು ಕಟ್ಟು ಕೊತ್ತಂಬರಿ ತಗೊಂಡ್ರೂ ಅವರ ಫೋನಲ್ಲಿ ಟಿಂಗ್ ಅಂತದೆ. ಸಂಜೆ ಬಂದು, ಕೊತ್ತಂಬರಿ ಮೊನ್ನೆ ತಂದಿದ್ಯಲ್ಲ ಅಂತಾರೆ."

"ನಿನಗೆ ಅಂತ ಬೇರೆ ಬ್ಯಾಂಕ್ ಖಾತೆ ಇಲ್ವಾ?"

"ಎಂತಕ್ಕೆ, ಕಾರ್ಡ್ ಕೊಟ್ಟಿದ್ದೀನಲ್ಲ ಅಂತಾರೆ."

ಅಲ್ಲಿಯವರೆಗೆ ನಾನು ಭಾವನನ್ನು ನೋಡಿ ನಗುತ್ತಿದ್ದೆ. ಜಂಬದ ಮನುಷ್ಯ, ಇನ್ನೇನು ಎಂದುಕೊಂಡಿದ್ದೆ. ಜಂಬಕ್ಕೆ ನಗಬಹುದು. ಹೆಂಡತಿ ಕೊಂಡ ಕೊತ್ತಂಬರಿಯ ಕಟ್ಟು ಎಣಿಸುವುದಕ್ಕೆ ಫೋನು ಇಟ್ಟುಕೊಂಡವನನ್ನು ಕಂಡು ನಗುವುದು ಹೇಗೆ? ಆಮೇಲೆ ನನಗೆ ಅವರ ಮೇಲೆ ಉಳಿದದ್ದು ತಾತ್ಸಾರ ಮಾತ್ರ. ಚಪ್ಪಲಿಗೆ ಅಂಟಿದ್ದನ್ನು ಹುಲ್ಲಿಗೆ ಒರೆಸುವಾಗ ಇರುತ್ತದಲ್ಲ, ಅಂಥದ್ದು.

ಅಕ್ಕ ಆ ದಿನ ಸಂಜೆಯವರೆಗೆ ಹೊಲಿದಳು. ಮೊದಮೊದಲು ಕೈ ತಡವರಿಸಿತು, ಒಂದು ತೋಳನ್ನು ಬಿಚ್ಚಿ ಮತ್ತೆ ಕೂರಿಸಿದಳು. ಊಟವಾದ ಮೇಲೆ ಮಿಷನ್ನಿನ ಸದ್ದೇ ಬೇರೆಯಾಯಿತು. ನಾಳೆಯೂ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದಳು.

ಮರುದಿನ ಬಂದವಳೇ, "ನಂದೂ ಹೋಯ್ತು," ಎಂದಳು.

"ಎಂತ ಹೋಯ್ತು?"

"ಕಾರ್ಡು. ನಿನ್ನೆ ಕೆಲಸ ಮಾಡಿತು ಅಂತ ಗೊತ್ತಾತಲ್ಲ, ಹೋದ ಕೂಡ್ಲೇ ತಗೊಂಡ್ರು. ಹೆಂಗೂ ದುಡ್ಡು ನಂದೇ ಅಂದ್ರು. ಲಾಡ್ಜಿನ ಮಿಷನ್ನಿಗೆ ಹಾಕಿ ಅವರದ್ದೇ ಪಿನ್ ಒತ್ತಿದ್ರು. ಮೂರು ಸಲ. ಬ್ಲಾಕ್ ಆತು."

"ನಿನ್ನ ಪಿನ್ ಬೇರೆ ಅಂತ ನೀನು ಹೇಳ್ಲಿಲ್ವಾ?"

"ಕೇಳಿದ್ರೆ ಹೇಳ್ತಿದ್ದೆ," ಎಂದು ಬಾಬಿನ್ನಿಗೆ ದಾರ ಸುತ್ತುತ್ತ ಹೇಳಿದಳು. "ಕೇಳ್ಲೇ ಇಲ್ಲ."

ಅಷ್ಟರಲ್ಲಿ ಭಾವನ ಬ್ಯಾಂಕು ಅವರ ಕಾರ್ಡಿನ ವಿಷಯದಲ್ಲಿ ಕೈ ತೊಳೆದುಕೊಂಡಿತ್ತು. ಹೊಸ ಕಾರ್ಡು ಕಳಿಸುತ್ತೇವೆ, ಆದರೆ ಆಸ್ಟ್ರೇಲಿಯಾದ ಮನೆಯ ವಿಳಾಸಕ್ಕೆ ಮಾತ್ರ ಎಂದಿತ್ತು. ಬೇರೆ ಕಾರ್ಡು ಅವರು ತಂದಿರಲಿಲ್ಲ. ಇಡೀ ಪ್ರಪಂಚಕ್ಕೆ ಒಂದೇ ಸಾಕು ಎನ್ನುವುದು ಅವರ ಸಿದ್ಧಾಂತ. ಈಗ ಉಳಿದದ್ದು ಅಕ್ಕನ ತಗಡಿಗೆ ಮತ್ತೆ ಜೀವ ಕೊಡಿಸುವ ದಾರಿ. ಅದಕ್ಕೆ ಬ್ಯಾಂಕಿನವರು ಅಕ್ಕನ ಧ್ವನಿಯನ್ನೇ ಕೇಳಬೇಕೆಂದರು. ಗಂಡನ ಧ್ವನಿ ನಡೆಯುವುದಿಲ್ಲ.

ಭಾವ ನನ್ನ ಫೋನಿಗೆ ಕರೆಯ ಮೇಲೆ ಕರೆ ಮಾಡಿದರು. "ಅವಳನ್ನು ತಕ್ಷಣ ಕಳಿಸು." ನಾನು ಅಕ್ಕನ ಮುಖ ನೋಡಿದೆ. ಅವಳು ಬಾಯಲ್ಲಿ ಹುಕ್ಕು ಕಚ್ಚಿಕೊಂಡು ಹೆಮ್ಮಿಂಗ್ ಮಾಡುತ್ತಿದ್ದಳು. ಹುಕ್ಕು ತೆಗೆದು, "ಕೈ ಬಿಡುವಿಲ್ಲ ಅನ್ನು," ಎಂದಳು.

ಅದನ್ನು ನಾನು ಒಂದಕ್ಷರ ಬಿಡದೆ, ಸ್ವಲ್ಪ ಗಟ್ಟಿಯಾಗಿಯೇ ತಲುಪಿಸಿದೆ.

ಆ ದಿನವೂ ಬಿಡುವಾಗಲಿಲ್ಲ, ಮರುದಿನವೂ ಆಗಲಿಲ್ಲ. ಸಂಜೆ ರೂಮಿಗೆ ಹೋದಾಗ ಅಲ್ಲಿಯ ಬ್ಯಾಂಕು ಮುಚ್ಚಿರುತ್ತಿತ್ತು, ಬೆಳಿಗ್ಗೆ ಭಾವ ಬ್ಯಾಂಕಿನ ಸಂಗೀತ ಕೇಳುತ್ತ ಕಾಯುತ್ತಿರುವಾಗಲೇ ಅವಳು ಮೊದಲ ಬಸ್ಸಿಗೆ ಹೊರಟಿರುತ್ತಿದ್ದಳು. ಕೊನೆಗೆ ಭಾವನೇ ಕೊಪ್ಪಕ್ಕೆ ಬಂದರು. ಬಸ್ಸಿಗೆ ದುಡ್ಡಿಲ್ಲದ್ದರಿಂದ ಲಾಡ್ಜಿನಲ್ಲಿ ಇಳಿದಿದ್ದ ಯಾರದ್ದೋ ಕಾರಿನ ಹಿಂದಿನ ಸೀಟಿನಲ್ಲಿ, ಅವರ ಪ್ರಸಾದದ ಚೀಲಗಳ ನಡುವೆ ಕೂತು ಬಂದಿದ್ದರು. ಅಂಗಡಿಯಲ್ಲಿ ಮೂರ್ನಾಲ್ಕು ಜನ ಹೆಂಗಸರಿದ್ದರು. ಯಾರೂ ಅವರಿಗೆ ಜಾಗ ಬಿಡಲಿಲ್ಲ. ನನ್ನ ಫೋನಿನಿಂದ ಇಂಟರ್‌ನೆಟ್ ಹಾಕಿಸಿಕೊಂಡು ಬ್ಯಾಂಕಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಅಕ್ಕನ ಮಿಷನ್ನಿನ ಮೇಲಿಟ್ಟರು. ಸಂಗೀತ ಮುಗಿದು ಒಬ್ಬ ಹೆಂಗಸಿನ ಧ್ವನಿ ಬಂತು. ಇಂಗ್ಲಿಷಿನಲ್ಲಿ ಅಕ್ಕನ ಪೂರ್ತಿ ಹೆಸರು ಕೇಳಿದಳು. ಭಾವ ಹೇಳಿದರು.

"ಸರ್, ಕಾರ್ಡು ಯಾರದ್ದೋ ಅವರೇ ಹೇಳಬೇಕು," ಎಂದಳು ಆಕೆ.

ಹುಟ್ಟಿದ ತಾರೀಖು ಕೇಳಿದಳು. ಮತ್ತೆ ಭಾವನದೇ ಬಾಯಿ.

"ಸರ್, ದಯವಿಟ್ಟು ನೀವು ಸುಮ್ಮನಿರಿ. ಇಲ್ಲವಾದರೆ ನಾನು ಕರೆ ಮುಗಿಸಬೇಕಾಗುತ್ತದೆ."

ಅಂಗಡಿಯಲ್ಲಿದ್ದ ಹೆಂಗಸರಿಗೆ ಇಂಗ್ಲಿಷು ಬಂದರೂ ಬಾರದಿದ್ದರೂ ಆ ಮಾತಿನ ಧಾಟಿ ತಿಳಿಯಿತು. ಎಲ್ಲರೂ ಭಾವನ ಮುಖ ನೋಡಿದರು. ಭಾವ ತುಟಿ ಮುಚ್ಚಿದರು. ಅವರ ಮುಚ್ಚಿದ ಬಾಯಿಯನ್ನು ನಾನು ಹಾಗೆ ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅಕ್ಕ ಕನ್ನಡಕ ತೆಗೆದಿಟ್ಟು ಉತ್ತರ ಕೊಟ್ಟಳು. ಹೆಸರು, ತಾರೀಖು, ವಿಳಾಸ, ಕೊನೆಗೆ ಎಲ್ಲಿ ಏನು ಕೊಂಡದ್ದು ಎನ್ನುವುದು. ಕೊಪ್ಪದಲ್ಲಿ, ಕನ್ನಡಕ, ಎಂದಳು. ಅವಳ ಇಂಗ್ಲಿಷು ಎಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಭಾವನ ಪಕ್ಕದಲ್ಲಿರುವಾಗ ಅವಳು ಮಾತಾಡಿದ್ದನ್ನು ಕೇಳಿದ್ದರೆ ತಾನೆ?

ಎಲ್ಲ ಸರಿಯಿದೆ ಎಂದಳು ಆಕೆ. "ಈಗ ಈ ಕಾರ್ಡಿನ ತಡೆ ತೆಗೆಯಲೇ?"

ಅಕ್ಕ ಮಡಿಲಲ್ಲಿದ್ದ ರೇಷ್ಮೆ ಬ್ಲೌಸಿನ ಅಂಚನ್ನು ಬೆರಳಿನಿಂದ ಸರಿಮಾಡಿದಳು. ಆಮೇಲೆ, "ಬೇಡ. ಅದನ್ನು ಕ್ಯಾನ್ಸಲ್ ಮಾಡಿಬಿಡಿ," ಎಂದಳು.

"ಏಯ್! ಏನು ಮಾಡ್ತಿದ್ದೀಯ?"

"ಪೂರ್ತಿ ರದ್ದು ಮಾಡಬೇಕೇ, ಮೇಡಂ? ಖಂಡಿತವೇ?"

"ಖಂಡಿತ," ಎಂದಳು ಅಕ್ಕ. "ಥ್ಯಾಂಕ್ಯೂ."

ಕರೆ ಮುಗಿಯಿತು. ಭಾವನ ಮುಖ ಕೆಂಪಾಗಿತ್ತು. ಬಾಯಿಂದ ಏನು ಬರುತ್ತದೋ ಎಂದು ನಾನು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಕಾದೆ. ನಿನಗೆ ಏನಾಯಿತು ಎಂದು ಕೇಳಬಹುದಿತ್ತು. ಯಾಕೆ ಎಂದಾದರೂ ಕೇಳಬಹುದಿತ್ತು. ಅವರು ಹೇಳಿದ್ದು, "ಆ ಕಾರ್ಡಿನ ಮೇಲಿದ್ದ ಪಾಯಿಂಟೆಲ್ಲ ಹೋಯ್ತಲ್ಲೇ!"

ಆಗ ಬಾಗಿಲ ಬಳಿ ನಿಂತಿದ್ದ ಒಬ್ಬಾಕೆ, "ಅಕ್ಕಾ, ನಂದು ಬ್ಲೌಸ್ ಆತಾ?" ಎಂದು ಕೇಳಿದಳು. "ಆತು, ಹುಕ್ಕೊಂದು ಬಾಕಿ. ಕೂತ್ಕಳಿ," ಎಂದು ಅಕ್ಕ ಮತ್ತೆ ಕನ್ನಡಕ ಹಾಕಿಕೊಂಡಳು. ಭಾವ ಸ್ವಲ್ಪ ಹೊತ್ತು ನಿಂತು, ಕೂರಲು ಎಲ್ಲೂ ಜಾಗವಿಲ್ಲದ್ದರಿಂದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿಗೆ ಹೋಗಿ ಕೂತರು.

ಮದುವೆಗೆ ಎನ್.ಆರ್.ಪುರಕ್ಕೆ ಹೊರಡುವ ಮೊದಲು ಅಕ್ಕನ ಕೂಲಿಯನ್ನು ಅವಳ ಕೈಗೆ ಕೊಟ್ಟೆ. ನನ್ನ ಜೊತೆ ಹೊಲಿಯುವವಳಿಗೆ ಏನು ಕೊಡುತ್ತೇನೋ ಅದೇ ಲೆಕ್ಕ. ಹೆಚ್ಚು ಕೊಟ್ಟಿದ್ದರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. "ಕಿಗ್ಗದಲ್ಲಿ ನೀನು ಕೊಟ್ಟಿದ್ದು ಹಿಡ್ಕೋ ಇದ್ರಲ್ಲಿ," ಎಂದಳು. ಹಿಡಿದುಕೊಂಡೆ. ಬೇಡ ಎನ್ನುವುದು ಆ ಹೊತ್ತಿನಲ್ಲಿ ಅವಳಿಗೆ ಮಾಡುವ ಅವಮಾನವಾಗುತ್ತಿತ್ತು.

ಶೃಂಗೇರಿಯಲ್ಲಿ ರೂಮು ಖಾಲಿ ಮಾಡುವಾಗ ನಾನೂ ಇದ್ದೆ. ಮ್ಯಾನೇಜರು ಬಿಲ್ಲು ಮುಂದಿಟ್ಟರು. ಅಕ್ಕ ನೋಟುಗಳನ್ನು ತೆಗೆದು, ಬಿಲ್ಲಿನ ಅರ್ಧದಷ್ಟನ್ನು ಮೇಜಿನ ಮೇಲಿಟ್ಟಳು.

"ಇಷ್ಟೇನಾ?" ಎಂದರು ಭಾವ. "ಇನ್ನರ್ಧ?"

"ಅದು ನಿಮ್ಮ ಪಾಲು," ಎಂದಳು ಅಕ್ಕ.

ಅವಳು ಜಗಳದ ಧ್ವನಿಯಲ್ಲಿ ಹೇಳಲಿಲ್ಲ. ಬೆಂಡೆಕಾಯಿ ಆಚೆ ಅಂಗಡಿಯಲ್ಲಿ ಸಿಗುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿ, ತನ್ನ ಚೀಲ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂತಳು. ಭಾವ ನನ್ನ ಕಡೆ ನೋಡಿದರು. ಅವರ ಖಾತೆಯಿಂದ ನನ್ನ ಖಾತೆಗೆ ಹಣ ಹಾಕಿದರೆ, ಬಂದ ಮೇಲೆ ಮ್ಯಾನೇಜರಿಗೆ ದಾಟಿಸುತ್ತೇನೆ ಎಂದೆ. ಮ್ಯಾನೇಜರು ಒಪ್ಪಿದರು. ಭಾವ ಅಲ್ಲೇ ನಿಂತು ಫೋನಿನಲ್ಲಿ ಹಣ ಕಳಿಸಿದರು. ಕಳಿಸುವುದಕ್ಕೆ ಬ್ಯಾಂಕು ಹಿಡಿದುಕೊಂಡ ಶುಲ್ಕ, ಬ್ಯಾಂಕು ಹಾಕಿದ ಕೆಟ್ಟ ದರ, ಇವೆರಡನ್ನೂ ಅವರು ಬಾಳೆಹೊನ್ನೂರಿನ ತನಕ ದಾರಿಯುದ್ದಕ್ಕೂ ವಿವರಿಸಿದರು. ಹತ್ತಿರದವರು ಸತ್ತರೂ ಮನುಷ್ಯ ಅಷ್ಟು ಅಳಲಾರ. ಅಕ್ಕ ಕಿಟಕಿಯ ಗಾಜು ಇಳಿಸಿಕೊಂಡು ಹೊರಗೆ ನೋಡುತ್ತಿದ್ದಳು.

ಮದುವೆಮನೆಯಲ್ಲಿ ಹೆಂಗಸರೆಲ್ಲ ಮದುಮಗಳ ಬ್ಲೌಸಿನ ಬೆನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಯಾರು ಹೊಲಿದದ್ದು ಎಂದು ಕೇಳಿದವರಿಗೆ ಅಕ್ಕ, "ನಾನೇ," ಎನ್ನುತ್ತಿದ್ದಳು. ಡಾಕ್ಟರ ಹೆಂಡತಿ ತಮಾಷೆ ಮಾಡುತ್ತಿದ್ದಾಳೆಂದು ಕೆಲವರು ನಕ್ಕರು. ಭಾವ ಗಂಡಸರ ಸಾಲಿನಲ್ಲಿ ಕೂತು, ಇಂಡಿಯಾದಲ್ಲಿ ಸಿಸ್ಟಮ್ಮೇ ಸರಿಯಿಲ್ಲ, ಒಂದು ಕಾರ್ಡು ನಡೆಯುವುದಿಲ್ಲ ಎಂದು ಹೇಳುತ್ತಿದ್ದರು. ಪಕ್ಕದಲ್ಲಿದ್ದ ಅಡಿಕೆ ವ್ಯಾಪಾರಿಯೊಬ್ಬರು ತಾಂಬೂಲ ಜಗಿಯುತ್ತ ಹ್ಞೂಗುಟ್ಟುತ್ತಿದ್ದರು. ಅಲ್ಲಿಯವರು ಯಾರೂ ಅವರನ್ನು, ಇಷ್ಟು ದಿನ ನಿಮ್ಮ ಊಟ ತಿಂಡಿ ಯಾರು ನೋಡಿಕೊಂಡರು ಎಂದು ಕೇಳಲಿಲ್ಲ. ದೂರದೇಶದಿಂದ ಬಂದ ಪೆದ್ದನಿಗೆ ನಾವು ಕೊಡುವ ಮರ್ಯಾದೆಯಲ್ಲಿ ಕಾಲುಭಾಗವನ್ನು ಊರಿನ ಬುದ್ಧಿವಂತರಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಉದ್ಧಾರವಾಗಿರುತ್ತಿದ್ದೆವು.

ಅವರು ವಾಪಸು ಹೋದ ಮೇಲೆ ನಾನು ಹೆಚ್ಚೇನೂ ನಿರೀಕ್ಷೆ ಇ‌ಟ್ಟುಕೊಂಡಿರಲಿಲ್ಲ. ಊರಿನಲ್ಲಿ ಬರುವ ಧೈರ್ಯ ವಿಮಾನ ಹತ್ತಿದ ಕೂಡಲೇ ಇಳಿದುಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಫೋನು ಬಂತು. ಬಟ್ಟೆ ಸರಿಪಡಿಸುವ ಅಂಗಡಿಯೊಂದಕ್ಕೆ ದಿನಾ ಬೆಳಿಗ್ಗೆ ಹೋಗುತ್ತಿದ್ದಾಳಂತೆ. ಅಂಗಡಿಯವಳು ವಿಯೆಟ್ನಾಂ ಕಡೆಯವಳು, ಮಾತು ಕಡಿಮೆ, ಒಳ್ಳೆಯವಳು. ಸಂಬಳ ಹಾಕಿಸಿಕೊಳ್ಳಲು ತನ್ನದೇ ಹೆಸರಿನಲ್ಲಿ ಖಾತೆ ತೆರೆದಿದ್ದಾಳೆ.

"ಭಾವ ಎಂತ ಅಂದ್ರು?"

"ಖಾತೆಗೆ ಅವರ ಫೋನ್ ನಂಬರ್ ಕೊಡು ಅಂದ್ರು. ಸೇಫ್ ಅಂತೆ."

"ಕೊಟ್ಯಾ?"

"ಇಲ್ಲ ಕಣೇ. ಬೇಡ ಅಂದೆ."

"ಅದಕ್ಕೆಂತ ಮಾಡಿದ್ರು?"

"ಎಂತೂ ಇಲ್ಲ," ಎಂದಳು ಅಕ್ಕ. "ಟಿವಿ ಹಾಕ್ಕೊಂಡು ಕೂತ್ರು. ನಾನು ಚಪಾತಿ ಹಿಟ್ಟು ಕಲಸಕ್ಕೆ ಹೋದೆ."